ವಿಜ್ಞಾನ ಮೇಳದ ಮೇಜಿನ ಆಚೆ

ಥರ್ಮೋಕೋಲ್ ಹಾಳೆಯ ಮೇಲೊಂದು ಕೆರೆ, ಪಕ್ಕದಲ್ಲಿ ಬ್ಯಾಟರಿಯಿಂದ ತಿರುಗುವ ಪುಟ್ಟ ಪಂಪು, ಹಿಂದೆ ನಿಂತು ಕಲಿತದ್ದನ್ನು ಒಪ್ಪಿಸುವ ಹುಡುಗ. ವಿಜ್ಞಾನ ಮೇಳವೆಂದರೆ ಎಲ್ಲರ ಕಣ್ಣಮುಂದೆ ಬರುವ ಚಿತ್ರ ಇದು. ಮೇಳ ಮುಗಿದ ಮರುದಿನ ಆ ಮಾದರಿ ಎಲ್ಲಿಗೆ ಹೋಗುತ್ತದೆ? ಬಹುತೇಕ ಅಟ್ಟಕ್ಕೆ, ಇಲ್ಲವೇ ಕಸದ ತೊಟ್ಟಿಗೆ. ಹಾಗಾದರೆ ಇಷ್ಟು ಶ್ರಮವೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಬೆಳಗಾವಿಯ ಹಳೆಯ ಕಥೆಯೊಂದು ನೆರವಾಗುತ್ತದೆ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಚಿತ್ರಕಲೆ ಕಲಿಯಲು ಮುಂಬೈಗೆ ಹೋದರು. ಕಣ್ಣಿಗೆ ಬಣ್ಣಗಳ ವ್ಯತ್ಯಾಸ ಸರಿಯಾಗಿ ತಿಳಿಯದೆಂದು ಗೊತ್ತಾದಾಗ ಯಂತ್ರಗಳ ನಕ್ಷೆ ಬರೆಯುವುದನ್ನು ಹಿಡಿದರು, ಅದನ್ನೇ ಕಲಿಸುವ ಶಿಕ್ಷಕರೂ ಆದರು. 1888ರಲ್ಲಿ ಬೆಳಗಾವಿಯಲ್ಲಿ ಅವರ ಸೈಕಲ್ ಅಂಗಡಿ ಆರಂಭವಾಯಿತು. ಮುಂದೆ ಮುಂಬೈಯ ಕೆಲಸ ಬಿಟ್ಟು ಬಂದು ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು.

ನೇಗಿಲು ತಯಾರಾಯಿತು, ಆದರೆ ಕೊಳ್ಳುವವರಿಲ್ಲ. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಎಂದು ರೈತರು ಹೆದರಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಬೇಕಾಯಿತು. ವಸ್ತುವನ್ನು ಮಾಡುವುದು ಒಂದು ಕೆಲಸ, ಅದನ್ನು ಬಳಸುವವರ ಮುಂದಿಟ್ಟು ಅವರ ಅನುಮಾನ ಬಿಡಿಸುವುದು ಇನ್ನೊಂದು ಕೆಲಸ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. 1910ರಲ್ಲಿ ಕಾರ್ಖಾನೆ ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿಗೆ ಹೋಯಿತು. ಹೆಸರು ಮಾತ್ರ ಬೆಳಗಾವಿಯ ಕಿರ್ಲೋಸ್ಕರ್ ರಸ್ತೆಯಲ್ಲಿ ಉಳಿದಿದೆ.

ಯಂತ್ರಗಳನ್ನು ಜನರೆದುರು ಇಡುವ ಪದ್ಧತಿಗೆ ದೊಡ್ಡ ಮಾದರಿಯಾದದ್ದು 1851ರ ಲಂಡನ್ ಮಹಾಪ್ರದರ್ಶನ. ಮಕ್ಕಳೇ ಮಾಡಿದ್ದನ್ನು ತೋರಿಸುವ ಮೇಳ ನ್ಯೂಯಾರ್ಕಿನಲ್ಲಿ 1928ರಲ್ಲಿ ನಡೆಯಿತು. ಬೆಂಗಳೂರಿನಲ್ಲಿ 1962ರಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ತೆರೆಯಿತು. ರಾಷ್ಟ್ರಮಟ್ಟದ ಮಕ್ಕಳ ವಿಜ್ಞಾನ ಪ್ರದರ್ಶನ ದೆಹಲಿಯಲ್ಲಿ 1971ರಲ್ಲಿ ಮೊದಲಾಯಿತು.

ಕರ್ನಾಟಕದ ಮಟ್ಟಿಗೆ ಮಹತ್ವದ ವರ್ಷ 1977. ಎರಡು ವರ್ಷ ಮೊದಲು ಹುಟ್ಟಿದ್ದ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಆ ವರ್ಷ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ನೆರವು ನೀಡುವ ಯೋಜನೆ ತಂದಿತು. ಕೊನೆಯ ವರ್ಷದ ವಿದ್ಯಾರ್ಥಿ ಅಂಕಕ್ಕಾಗಿ ಮಾಡಿ ಮರೆಯುವ ಕೆಲಸವನ್ನು ನಾಡಿನ ಅಗತ್ಯಗಳತ್ತ ತಿರುಗಿಸುವುದು ಇದರ ಆಶಯ. ಆಯ್ಕೆಯಾದ ಪ್ರಾಜೆಕ್ಟಿಗೆ ಹಣ, ಕೊನೆಗೆ ವಿಚಾರ ಸಂಕಿರಣ ಮತ್ತು ಪ್ರದರ್ಶನ. ಮಂಡಳಿಯ ಆರಂಭದ ವರ್ಷಗಳಲ್ಲಿ ಕಾರ್ಯದರ್ಶಿಯಾಗಿದ್ದವರು ಅಮೂಲ್ಯ ರೆಡ್ಡಿ. ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಕೇಂದ್ರವನ್ನು ಕಟ್ಟಿದವರೂ ಅವರೇ. ಕಡಿಮೆ ಸೌದೆ, ಕಡಿಮೆ ಹೊಗೆಯ 'ಅಸ್ತ್ರ ಒಲೆ' ಆ ಕೇಂದ್ರದ ಕೊಡುಗೆ.

ಬೆಳಗಾವಿಯಲ್ಲಿ 1979ರಲ್ಲಿ ಗೋಗಟೆ ಮತ್ತು ಕೆ.ಎಲ್.ಇ. ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜುಗಳು ಬಂದವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಈ ಊರೇ ಕೇಂದ್ರವಾಯಿತು. ಹಳ್ಳಿಯ ಬಡ ಮಕ್ಕಳಿಗೆ ಉಚಿತ ಪ್ರಸಾದ ನಿಲಯ ನಡೆಸಿದ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮೀಜಿಯವರ ಹೆಸರಿನ ಶಿವಬಸವ ನಗರದಲ್ಲಿ 2009ರಲ್ಲಿ ಇನ್ನೊಂದು ಕಾಲೇಜು ತೆರೆಯಿತು. ನೀರಾವರಿ ತಜ್ಞ ಎಸ್.ಜಿ. ಬಾಳೇಕುಂದ್ರಿ ಅವರ ಹೆಸರು ಅದಕ್ಕಿದೆ. ನೀರು ಎಲ್ಲಿಗೆ ಬೇಕೆಂದು ರೈತನ ಹೊಲದಲ್ಲಿ ನಿಂತು ಯೋಚಿಸಬೇಕಾದ ವೃತ್ತಿ ಅವರದು.

ಶಾಲೆಯ ಮಕ್ಕಳಿಗೂ ದಾರಿಗಳಿವೆ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಕ್ಕಳು ತಮ್ಮ ಊರಿನ ಸಮಸ್ಯೆಯನ್ನೇ ಅಧ್ಯಯನ ಮಾಡಿ, ತಮ್ಮ ಭಾಷೆಯಲ್ಲೇ ಮಂಡಿಸಬಹುದು. 'ಇನ್‌ಸ್ಪೈರ್-ಮಾನಕ್' ಯೋಜನೆ ಆಯ್ದ ವಿದ್ಯಾರ್ಥಿಗೆ ಮಾದರಿ ಮಾಡಲು 10,000 ರೂಪಾಯಿ ಕೊಡುತ್ತದೆ. 2016ರಲ್ಲಿ ಬಂದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವುಂಟು.

ಹಣ ಬಂತು, ಉಪಕರಣ ಬಂತು. ಆದರೆ ಸಿದ್ಧ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತಂದು ಮೇಜಿನ ಮೇಲಿಡುವ ಚಾಳಿಯೂ ಜೊತೆಗೇ ಬಂತು. ಕೊಂಡು ತಂದವನಿಗೆ ಅದು ಹೇಗೆ ನಡೆಯುತ್ತದೆಂದು ಹೇಳಲು ಬರಬಹುದು, ಏಕೆ ಕೆಡುತ್ತದೆಂದು ಹೇಳಲು ಬಾರದು. ತೀರ್ಪುಗಾರರು ಎರಡು ನಿಮಿಷ ನಿಂತು ಅಂಕ ಬರೆದು ಮುಂದೆ ಹೋದರೆ ಈ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ.

ಅದು ಕಾಣಬೇಕಾದರೆ ಮೇಜಿನ ಮುಂದೆ ಬೇರೆಯವರೂ ನಿಲ್ಲಬೇಕು. ಕುಂಬಾರಿಕೆಗೆ ಹೆಸರಾದ ಖಾನಾಪುರದ ಕುಂಬಾರ, ಉದ್ಯಮಬಾಗ್‌ನ ಫೌಂಡ್ರಿಯಲ್ಲಿ ಎರಕ ಹೊಯ್ಯುವವನು, ಸುತ್ತಲಿನ ಹಳ್ಳಿಯ ರೈತ ಮಹಿಳೆ ಬಂದು, "ಇದು ಕೆಟ್ಟರೆ ಯಾರು ರಿಪೇರಿ ಮಾಡ್ತಾರ?" ಎಂದು ಕೇಳಬೇಕು. ಉತ್ತರ ಬಾರದ ಹುಡುಗ ಮನೆಗೆ ಹೋಗಿ ಮತ್ತೆ ಸ್ಕ್ರೂಡ್ರೈವರ್ ಹಿಡಿಯುತ್ತಾನೆ. ಕಿರ್ಲೋಸ್ಕರರನ್ನು ಎರಡು ವರ್ಷ ಕಾಯಿಸಿದ ರೈತರೂ ಇಂಥದೇ ಪ್ರಶ್ನೆ ಕೇಳಿದವರು. ಮೇಳಕ್ಕೆ ಬಹುಮಾನದ ಪಟ್ಟಿಯಷ್ಟೇ ಅಲ್ಲ, ಹೀಗೆ ಕೇಳುವವರೂ ಬೇಕು.