ಕಾಣದ ಊರಿನ ನೆನಪು: ‘ಅಮೆಲಿ’ ಚಿತ್ರದ ಸಂಗೀತವೂ ಪ್ಯಾರಿಸಿನ ಅಕಾರ್ಡಿಯನ್ನೂ

ಇತಿಹಾಸದ ಆಧಾರಗಳನ್ನು ಕುರಿತು ಪಾಠ ಹೇಳುವಾಗ ನಾವು ಶಾಸನ, ತಾಮ್ರಪಟ, ನಾಣ್ಯ, ಕಡತ, ಪ್ರವಾಸಿಗಳ ಬರೆಹ ಎಂದು ಕ್ರಮವಾಗಿ ಎಣಿಸುತ್ತೇವೆ. ಮನುಷ್ಯನ ಕಣ್ಣೀರು ಈ ಎಣಿಕೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಅದು ಸಾಹಿತ್ಯದವರ ಅಥವಾ ಮನಶ್ಶಾಸ್ತ್ರದವರ ವಿಷಯವೆಂದು ಬಿಟ್ಟುಕೊಡುವುದು ನಮ್ಮಲ್ಲಿ ರೂಢಿ. ಆದರೆ ಒಂದು ರಾಗವನ್ನು ಕೇಳಿ ಒಂದು ಕಾಲದ ಜನ ಏಕೆ ಮರುಗಿದರೆಂಬುದು ಇತಿಹಾಸದ ಪ್ರಶ್ನೆಯೂ ಹೌದೆಂದು ನಮ್ಮ ಭಾವನೆ. ಇದಕ್ಕೆ ಉದಾಹರಣೆಯಾಗಿ ಫ್ರಾನ್ಸಿನ ಒಂದು ಚಲನಚಿತ್ರದ ಸಂಗೀತವನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಈ ಪ್ರಶ್ನೆಯನ್ನು ಮೊದಲು ಎತ್ತಿದವರು ನಾವಲ್ಲ. 1688ರಲ್ಲಿ ಬಾಸೆಲ್ ನಗರದ ವೈದ್ಯವಿದ್ಯಾರ್ಥಿಯಾದ ಯೋಹಾನೆಸ್ ಹೋಫರನು, ಪರದೇಶಗಳಲ್ಲಿದ್ದ ಸ್ವಿಸ್ ಜನರು ತವರಿನ ಹಂಬಲದಿಂದ ಕೊರಗಿ ಸೊರಗುವುದನ್ನು ಒಂದು ರೋಗವೆಂದೇ ವರ್ಣಿಸಿ, ಗ್ರೀಕ್ ಭಾಷೆಯ ಎರಡು ಪದಗಳನ್ನು ಕೂಡಿಸಿ ಅದಕ್ಕೆ ‘ನಾಸ್ಟಾಲ್ಜಿಯ’ ಎಂಬ ಹೆಸರನ್ನು ಕೊಟ್ಟನು. ಕನ್ನಡದಲ್ಲಿ ಹಳಹಳಿಕೆ ಎಂದರೆ ಸುಮಾರಾಗಿ ಆ ಅರ್ಥ ಬರುತ್ತದೆ. ಜಿನೀವಾದಲ್ಲಿ ಹುಟ್ಟಿದ ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ ಈ ವಿಷಯವನ್ನೇ ಮುಂದುವರಿಸುತ್ತಾನೆ. ಆಲ್ಪ್ಸ್ ಪರ್ವತದ ದನಗಾಹಿಗಳ ರಾಗವೊಂದನ್ನು ಕೇಳಿದೊಡನೆ ಸ್ವಿಸ್ ಸೈನಿಕರು ಅಳುತ್ತಿದ್ದರು, ಪಾಳೆಯ ಬಿಟ್ಟು ಓಡುತ್ತಿದ್ದರು. ಆದಕಾರಣ ಅವರ ನಡುವೆ ಅದನ್ನು ನುಡಿಸಬಾರದೆಂದು ಕಟ್ಟಪ್ಪಣೆಯಾಗಿತ್ತಂತೆ. ಹಾಗಾದರೆ ಆ ರಾಗದಲ್ಲಿ ಅಂಥ ಶಕ್ತಿ ಏನಿದೆ? ಏನೂ ಇಲ್ಲವೆಂದೇ ರೂಸೋನ ಉತ್ತರ. ಪರದೇಶದವರು ಅದನ್ನು ಕೇಳಿದರೆ ಅವರಿಗೆ ಏನೂ ಆಗುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಸಂಗೀತವಲ್ಲ, ಸಂಗೀತವು ಎಬ್ಬಿಸುವ ನೆನಪು ಎಂದು ಅವನ ಅಭಿಪ್ರಾಯ.

ರೂಸೋನ ಈ ಮಾತು ಸರಿಯಾದರೆ ‘ಅಮೆಲಿ’ ಚಿತ್ರದ ಸಂಗೀತ ನಮ್ಮನ್ನು ಕಲಕಬಾರದು. ಕೆಲವು ದಿನಗಳ ಹಿಂದೆ ತರಗತಿಯಲ್ಲಿ ಇದರ ಎರಡು ತುಣುಕುಗಳನ್ನು ಕೇಳಿಸಿದೆವು. ಕೇಳಿದವರಲ್ಲಿ ಹೆಚ್ಚಿನವರು ಚಿತ್ರವನ್ನು ನೋಡಿದವರಲ್ಲ. ಫ್ರೆಂಚ್ ಬಲ್ಲವರಂತೂ ಒಬ್ಬರೂ ಇರಲಿಲ್ಲ. ಆದರೂ ತರಗತಿ ಮೌನವಾಯಿತು. ಒಬ್ಬ ವಿದ್ಯಾರ್ಥಿ, “ಏನನ್ನೋ ಕಳೆದುಕೊಂಡ ಹಾಗೆ ಆಗುತ್ತದೆ, ಏನನ್ನು ಎಂಬುದು ಮಾತ್ರ ತಿಳಿಯುವುದಿಲ್ಲ ಸರ್” ಎಂದನು. ಇದು ಎಲ್ಲಿಯ ಸಂಗೀತವೆಂದು ಇನ್ನೊಬ್ಬಳು ಕೇಳಿದಾಗ ಪ್ಯಾರಿಸಿನದೆಂದು ಉತ್ತರಿಸಿದೆವು. ಮನೆಗೆ ಬಂದ ಮೇಲೆ ಆ ಉತ್ತರ ನಮಗೇ ಸಮಾಧಾನ ಕೊಡಲಿಲ್ಲ.

ಚಿತ್ರದ ಪೂರ್ಣ ಹೆಸರು ‘ಅಮೆಲಿ ಪುಲೇನಳ ಅದ್ಭುತ ವಿಧಿ’ ಎಂಬರ್ಥದ್ದು. ಜಾನ್ ಪಿಯೆರ್ ಜ್ಯೂನೆ ನಿರ್ದೇಶಿಸಿದ ಇದು 2001ರ ಏಪ್ರಿಲ್ 25ರಂದು ಫ್ರಾನ್ಸಿನಲ್ಲಿ ತೆರೆಕಂಡಿತು. ಆ ದೇಶವೊಂದರಲ್ಲಿಯೇ ಇದನ್ನು ನೋಡಿದವರ ಸಂಖ್ಯೆ 80 ಲಕ್ಷವನ್ನು ಮೀರಿತು. ಪ್ಯಾರಿಸಿನ ಮೋಮಾರ್ತ್ರ ಗುಡ್ಡದ ಒಂದು ಕಾಫಿ ಅಂಗಡಿಯಲ್ಲಿ ಕೆಲಸಕ್ಕಿರುವ ಒಂಟಿ ಹುಡುಗಿ ಅಮೆಲಿ. 1997ರಲ್ಲಿ ಬ್ರಿಟನ್ನಿನ ಡಯಾನಾ ತೀರಿಕೊಂಡ ಸುದ್ದಿ ಕೇಳಿ ಬೆಚ್ಚಿದ ಅವಳ ಕೈಯಿಂದ ಬಾಟಲಿಯ ಮುಚ್ಚಳ ಜಾರಿ ಬೀಳುತ್ತದೆ; ಅದು ಉರುಳಿ ಹೋಗಿ ತಗುಲಿದ ಗೋಡೆಯ ಬಿಲ್ಲೆಯ ಹಿಂದೆ ಹಳೆಯ ತಗಡಿನ ಡಬ್ಬಿಯೊಂದು ಸಿಗುತ್ತದೆ. ಅದು ನಾಲ್ಕು ದಶಕಗಳ ಹಿಂದೆ ಅದೇ ಮನೆಯಲ್ಲಿದ್ದ ಬಾಲಕನೊಬ್ಬ ಬಚ್ಚಿಟ್ಟ ಆಟಿಕೆಗಳ ಡಬ್ಬಿ. ಅವಳು ಅದನ್ನು ಗುಟ್ಟಾಗಿ ಅವನಿಗೆ ತಲುಪಿಸುತ್ತಾಳೆ. ಈಗ ನಡುವಯಸ್ಸು ದಾಟಿರುವ ಅವನು ಅದನ್ನು ತೆರೆದು ಅಳುತ್ತಾನೆ. ಇದು ರೂಸೋ ಹೇಳಿದ ಬಗೆಯ ಅಳು. ಅದರಲ್ಲಿ ಒಗಟೇನೂ ಇಲ್ಲ, ಡಬ್ಬಿ ಅವನದು. ಆ ಡಬ್ಬಿ ಯಾರದಲ್ಲವೋ ಅಂಥ ನೋಡುಗರ ಗಂಟಲು ಕಟ್ಟುವುದೇಕೆಂಬುದೇ ಪ್ರಶ್ನೆ.

ಸಂಗೀತವನ್ನು ಕೊಟ್ಟವನು ಯಾನ್ ಟಿಯರ್ಸೆನ್. 1970ರಲ್ಲಿ ಬ್ರಿಟನಿ ಪ್ರಾಂತದ ಕಡಲತೀರದ ಬ್ರೆಸ್ತ್ ನಗರದಲ್ಲಿ ಹುಟ್ಟಿದ ಇವನು ಪ್ಯಾರಿಸಿನವನಲ್ಲ. ಚಿತ್ರದಲ್ಲಿ ಕೇಳಿಬರುವ ತುಣುಕುಗಳಲ್ಲಿ ಹಲವು ಚಿತ್ರಕ್ಕೆಂದು ರಚಿತವಾದವೂ ಅಲ್ಲ. 1995, 1996, 1998ರಲ್ಲಿ ಹೊರಬಂದ ಅವನ ಮುದ್ರಿಕೆಗಳಿಂದ ನಿರ್ದೇಶಕನು ಅವನ್ನು ಆಯ್ದುಕೊಂಡನು. ಕಾರಿನಲ್ಲಿ ಹೋಗುತ್ತಿದ್ದಾಗ ಸಹಾಯಕನೊಬ್ಬ ಹಾಕಿದ ಮುದ್ರಿಕೆಯಿಂದಲೇ ಟಿಯರ್ಸೆನ್ನನ ಪರಿಚಯ ತನಗಾಯಿತೆಂದು ಜ್ಯೂನೆ ಹೇಳಿಕೊಂಡಿದ್ದಾನೆ. ಹೊಸದಾಗಿ ಸೇರಿದವುಗಳಲ್ಲಿ ಅಮೆಲಿಯ ಹೆಸರಿನ ವಾಲ್ಟ್ಜ್ ಒಂದು. ಇನ್ನೊಂದು, ‘ಮತ್ತೊಂದು ಬೇಸಗೆಯ ಶಿಶುಪ್ರಾಸ’ ಎಂಬರ್ಥದ ಹೆಸರುಳ್ಳ ಪಿಯಾನೋ ರಚನೆ. ಇಂದು ಪಿಯಾನೋ ಕಲಿಯುವ ಮಕ್ಕಳು ಲೋಕದೆಲ್ಲೆಡೆ ನುಡಿಸುವುದು ಇದನ್ನೇ. ಎಡಗೈಯಲ್ಲಿ ನಾಲ್ಕೇ ಸ್ವರಮೇಳಗಳು ಬಿಡಿಬಿಡಿಯಾಗಿ ಸುತ್ತಿ ಸುತ್ತಿ ಬರುತ್ತವೆ. ಬಲಗೈಯ ರಾಗ ಮೇಲೇರಿ, ಚುರುಕಾಗಿ, ಮತ್ತೆ ಹೊರಟಲ್ಲಿಗೆ ಇಳಿಯುತ್ತದೆ. ಅಲ್ಲಿ ಬೆಳವಣಿಗೆಯೂ ಇಲ್ಲ, ಮುಕ್ತಾಯವೂ ಇಲ್ಲ. ಮಗು ಒಂದೇ ಮಾತನ್ನು ಹಲವು ಸಲ ಹೇಳುವಂತೆ ಅದು ತೋರುತ್ತದೆ. ಟಿಯರ್ಸೆನ್ ಆಟಿಕೆಯ ಪಿಯಾನೋವನ್ನೂ ಬಳಸುವವನು. ಚಿತ್ರದ ಆರಂಭದಲ್ಲಿ ಬರುವ ರಚನೆಯ ಕೊನೆಗೆ ಸೈಕಲ್ಲಿನ ಗಾಲಿಯ ಸದ್ದೂ ಇದೆ. ಬಾಲ್ಯವನ್ನು ಸೂಚಿಸುವ ಇಂಥ ಉಪಾಯಗಳು ಯಾವ ದೇಶದವರಿಗೂ ತಿಳಿಯುವಂಥವು. ಇವನ್ನು ಹೆಚ್ಚು ಬೆಳೆಸುವ ಅಗತ್ಯವಿಲ್ಲ.

ವಿವರವಾಗಿ ನೋಡಬೇಕಾದದ್ದು ಅಕಾರ್ಡಿಯನ್ನನ್ನು. ಚಿತ್ರ ನೋಡಿದವರೆಲ್ಲರೂ ಅದರ ದನಿ ಕೇಳಿದೊಡನೆ “ಹಳೆಯ ಪ್ಯಾರಿಸ್” ಎನ್ನುತ್ತಾರೆ. ಈ ಹಳೆಯತನಕ್ಕೆ ಒಂದು ಚರಿತ್ರೆಯುಂಟು, ಅದು ಅಷ್ಟೇನೂ ಹಳೆಯದಲ್ಲ. ತಿದಿಯೊತ್ತಿ ಲೋಹದ ರೀಡುಗಳಿಂದ ದನಿ ಹೊರಡಿಸುವ ಈ ಪೆಟ್ಟಿಗೆಗೆ 1829ರಲ್ಲಿ ಪೇಟೆಂಟ್ ಪಡೆದವನು ವಿಯೆನ್ನಾದ ಸಿರಿಲ್ ಡೆಮಿಯನ್. ಆಗ ಪ್ಯಾರಿಸಿನ ಬಡವರ ಕುಣಿತಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ನಡುಭಾಗದ ಓವೆರ್ನ್ಯ ಎಂಬ ಬಡ ಗುಡ್ಡಗಾಡಿನಿಂದ ಸಾವಿರಾರು ಜನ ರಾಜಧಾನಿಗೆ ವಲಸೆ ಬಂದರು. ನೀರು ಹೊತ್ತರು, ಕಲ್ಲಿದ್ದಲು ಹೊತ್ತರು. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಕಲ್ಲಿದ್ದಲನ್ನೂ ದ್ರಾಕ್ಷಾರಸವನ್ನೂ ಒಟ್ಟಿಗೆ ಮಾರುವ ಅಂಗಡಿಗಳನ್ನು ತೆರೆದರು. ಬಾಸ್ಟಿಲ್ ಚೌಕದ ಹತ್ತಿರದ ಲಾಪ್ ಬೀದಿ ಇವರ ಒಂದು ನೆಲೆ. ಸಂಜೆ ಅಂಗಡಿಯ ಹಿಂಬದಿಯಲ್ಲಿ ಊರಿನ ಕುಣಿತ ನಡೆಯುತ್ತಿತ್ತು. ಅದಕ್ಕೆ ಮೇಳವಾಗಿದ್ದದ್ದು ‘ಕಾಬ್ರೆತ್’ ಎಂಬ ತೊಗಲಚೀಲದ ವಾದ್ಯ. ಹೆಸರಿನ ಅರ್ಥ ಆಡಿನ ಮರಿ. ಇದಕ್ಕೆ ‘ಮ್ಯೂಸೆತ್’ ಎಂಬ ಹೆಸರೂ ಉಂಟಾದ್ದರಿಂದ ಆ ಕುಣಿತದ ಮನೆಗಳು ‘ಬಾಲ್ ಮ್ಯೂಸೆತ್’ ಎನಿಸಿದವು.

ಅಕಾರ್ಡಿಯನ್ನನ್ನು ಅಲ್ಲಿಗೆ ತಂದವರು ಇಟಲಿಯ ವಲಸೆಗಾರರು. ಅದು ಅವರಿಗೆ ಒಳ್ಳೆಯ ಕಾಲವಾಗಿರಲಿಲ್ಲ. 1893ರ ಆಗಸ್ಟಿನಲ್ಲಿ ದಕ್ಷಿಣ ಫ್ರಾನ್ಸಿನ ಏಗ್‌ಮೋರ್ತ್ ಎಂಬಲ್ಲಿಯ ಉಪ್ಪಿನ ಮಡಿಗಳಲ್ಲಿ ಇಟಲಿಯ ಕೂಲಿಗಳನ್ನು ಉದ್ರಿಕ್ತ ಜನ ಅಟ್ಟಾಡಿಸಿ ಕೊಂದರು. ಸರಕಾರಿ ಲೆಕ್ಕದಂತೆ ಸತ್ತವರು ಎಂಟು ಮಂದಿ. ಮರುವರ್ಷ ಅಧ್ಯಕ್ಷ ಸಾದಿ ಕಾರ್ನೋವನ್ನು ಇಟಲಿಯ ಅರಾಜಕವಾದಿಯೊಬ್ಬ ಲಿಯೋನ್ ನಗರದಲ್ಲಿ ಇರಿದು ಕೊಂದಾಗ ಅಲ್ಲಿಯ ಇಟಾಲಿಯನ್ನರ ಅಂಗಡಿಗಳು ಲೂಟಿಯಾದವು. ಇಂಥ ಜನರ ಕೈಯಲ್ಲಿದ್ದ ಪೆಟ್ಟಿಗೆಯನ್ನು ಕಾಬ್ರೆತಿನ ಅಭಿಮಾನಿಗಳು ಒಲಿದು ಬರಮಾಡಿಕೊಂಡಿರಲಾರರೆಂಬುದು ಸಹಜ. ಆದರೂ ಸುಮಾರು 1905ರ ಹೊತ್ತಿಗೆ ಲಾಪ್ ಬೀದಿಯಲ್ಲಿ ಓವೆರ್ನ್ಯದ ಹೆಸರಾಂತ ಕಾಬ್ರೆತ್ ವಾದಕ ಆಂತ್ವಾನ್ ಬೂಸ್ಕತೆಲ್, ಇಟಲಿ ಮೂಲದ ಅಕಾರ್ಡಿಯನ್ ವಾದಕ ಶಾರ್ಲ್ ಪೆಗೂರಿಯನ್ನು ಜೊತೆಗೆ ಕೂರಿಸಿಕೊಂಡು ನುಡಿಸತೊಡಗಿದನು. ಬರಬರುತ್ತ ಪೆಟ್ಟಿಗೆ ಚೀಲವನ್ನು ಮೂಲೆಗೊತ್ತಿತು. ಚೀಲದ ಹೆಸರು ಮಾತ್ರ ಪೆಟ್ಟಿಗೆಯ ಸಂಗೀತಕ್ಕೆ ಉಳಿಯಿತು. ಮುಂದೆ ಅಲೆಮಾರಿ ಮನೂಶ್ ಜನಾಂಗದವರೂ ಬಂದು ಸೇರಿದರು. ಗಿಟಾರ್ ವಾದನದಲ್ಲಿ ಜಗತ್ಪ್ರಸಿದ್ಧನಾದ ಜಾಂಗೋ ರೈನ್‌ಹಾರ್ಟ್ ಹುಡುಗನಾಗಿ ದುಡಿಮೆಗೆ ತೊಡಗಿದ್ದು ಈ ಮನೆಗಳಲ್ಲಿ ಅಕಾರ್ಡಿಯನ್ನಿಗೆ ಸಾಥಿಯಾಗಿ.

ಅಕಾರ್ಡಿಯನ್ನಿನ ದನಿಯಲ್ಲಿರುವ ನಡುಕಕ್ಕೂ ಕಾರಣವುಂಟು. ಒಂದೇ ಸ್ವರಕ್ಕೆ ಎರಡು ಮೂರು ರೀಡುಗಳನ್ನಿಟ್ಟು, ಅವುಗಳ ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೇಕೆಂದೇ ಮಾಡುತ್ತಾರೆ. ಎರಡು ನಾದಗಳೂ ಒಂದನ್ನೊಂದು ತಾಗಿ ಅಲೆಯೇಳುತ್ತದೆ. ಅಳುವಿನ ಅಂಚಿನಲ್ಲಿರುವ ಕೊರಳಿನಂತೆ ಅದು ಕೇಳಿಸುತ್ತದೆ. ಈ ಬಗೆಯ ಶ್ರುತಿಗೂ ಮ್ಯೂಸೆತ್ ಎಂದೇ ಹೆಸರು.

ಈ ದನಿ ಹಳೆಯ ಪ್ಯಾರಿಸಿನ ಗುರುತಾದದ್ದು ಯಾವಾಗ? ಚಿತ್ರದಲ್ಲಿ ನೆಲದಡಿಯ ರೈಲು ನಿಲ್ದಾಣದೊಳಗೆ ಕುರುಡನೊಬ್ಬನ ಬಳಿ ಹಳೆಯ ಹಾಡಿನ ತಟ್ಟೆಯೊಂದು ತಿರುಗುತ್ತಿರುತ್ತದೆ. ಅದು 1934ರಲ್ಲಿ ಫ್ರೆಯೆಲ್ ಎಂಬ ಗಾಯಕಿ ಹಾಡಿದ್ದು. ಇವಳ ತಂದೆತಾಯಿಗಳೂ ಬ್ರಿಟನಿಯಿಂದ ಬಂದವರೆಂಬುದನ್ನು ಗಮನಿಸಬೇಕು. 1937ರ ‘ಪೆಪೆ ಲ ಮೊಕೊ’ ಎಂಬ ಚಿತ್ರದಲ್ಲಿ ಇದೇ ಫ್ರೆಯೆಲ್ ಆಲ್ಜಿಯರ್ಸ್ ನಗರದ ಓಣಿಯೊಂದರ ಕೋಣೆಯಲ್ಲಿ ಕುಳಿತು, ಕಣ್ಮರೆಯಾದ ಮೋಮಾರ್ತ್ರವನ್ನು ಕುರಿತು ತಾನೇ ಹಿಂದೆ ಹಾಡಿದ ತಟ್ಟೆಯನ್ನು ಹಾಕಿಕೊಂಡು, ಅದರೊಡನೆ ದನಿಗೂಡಿಸಿ ಅಳುತ್ತಾಳೆ. ಆ ಹಾಡು 1926ರದು. ಎಂದರೆ, ನಾವು ಇಂದು ಯಾವ ಕಾಲಕ್ಕಾಗಿ ಹಂಬಲಿಸುತ್ತೇವೆಯೋ ಆ ಕಾಲದವರೇ ಅದಕ್ಕೂ ಹಿಂದಿನ ಕಾಲಕ್ಕಾಗಿ ಹಂಬಲಿಸುತ್ತಿದ್ದರು. ಹಂಬಲಿಕೆ ಈ ಸಂಗೀತಕ್ಕೆ ತರುವಾಯ ಅಂಟಿದ್ದಲ್ಲ. ಅದರ ಉಪಕರಣಗಳಲ್ಲಿ ಒಂದಾಗಿಯೇ ಬೆಳೆದದ್ದು. 1930ರಲ್ಲಿ ರೆನೆ ಕ್ಲೇರನ ‘ಪ್ಯಾರಿಸಿನ ಸೂರುಗಳ ಕೆಳಗೆ’ ಎಂಬ ಮಾತಿನ ಚಿತ್ರದಿಂದ ಮೊದಲುಗೊಂಡು ಸಿನಿಮಾ ಈ ನಾದವನ್ನು ಲೋಕದೆಲ್ಲೆಡೆ ಹರಡಿತು. 1960ರ ದಶಕದಲ್ಲಿ ಫ್ರಾನ್ಸಿನ ತರುಣರೇ ಅಕಾರ್ಡಿಯನ್ನನ್ನು ಮುದುಕರ ವಾದ್ಯವೆಂದು ನಕ್ಕು ದೂರವಿಟ್ಟರು. ಆಗಲೂ ಪರದೇಶದ ಚಿತ್ರಗಳಲ್ಲಿ ಐಫೆಲ್ ಗೋಪುರ ಕಂಡೊಡನೆ ಅದು ನುಡಿಯುವುದು ನಿಲ್ಲಲಿಲ್ಲ. ರೂಸೋನ ಸೈನಿಕನಿಗೆ ನೆನಪನ್ನು ಕೊಟ್ಟದ್ದು ಅವನ ಊರು; ನಮ್ಮ ವಿದ್ಯಾರ್ಥಿಗೆ ಅದನ್ನು ಕೊಟ್ಟದ್ದು ಎಪ್ಪತ್ತು ವರ್ಷಗಳ ಸಿನಿಮಾ.

ಇಲ್ಲಿ ನಮ್ಮ ಕಡೆಯ ಒಂದು ಸಂಗತಿಯನ್ನು ಹೇಳುವುದು ಅಪ್ರಸ್ತುತವಾಗಲಾರದು. ಹಾರ್ಮೋನಿಯಂ ಅಕಾರ್ಡಿಯನ್ನಿನ ದಾಯಾದಿ. 1840ರ ದಶಕದಲ್ಲಿ ಅದಕ್ಕೆ ರೂಪವನ್ನೂ ಹೆಸರನ್ನೂ ಕೊಟ್ಟವನು ಪ್ಯಾರಿಸಿನ ದೆಬೆಂ. ಗಮಕಕ್ಕೆ ಒಗ್ಗದ ಪರದೇಶಿ ವಾದ್ಯವೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲವಾದದ್ದು 1970ರ ದಶಕದಲ್ಲಿ. ಅಷ್ಟರೊಳಗೆ ಉತ್ತರ ಕರ್ನಾಟಕದ ಜನಕ್ಕೆ ಅದು ತಮ್ಮದೇ ‘ಪೇಟಿ’ಯಾಗಿತ್ತು. ಕಂಪನಿ ನಾಟಕದ ಕಾಲವನ್ನು ಕಂಡವರಿಗೆ ಪೇಟಿಯ ಒಂದು ಸುಳುಹು ಕಿವಿಗೆ ಬಿದ್ದರೆ ಸಾಕು, ಆ ರಾತ್ರಿಗಳೆಲ್ಲ ಎದ್ದುಬರುತ್ತವೆ. ಅವರಿಗೆ ಅದು ಫ್ರಾನ್ಸಿನಿಂದ ಬಂದದ್ದೆಂದು ಹೇಳಿದರೆ ನಂಬುವುದು ಕಷ್ಟ.

ಇನ್ನು ಚಿತ್ರದ ಮೇಲಿನ ಆಕ್ಷೇಪಣೆಯ ಮಾತು. 2001ರ ಮೇ ಕೊನೆಯಲ್ಲಿ ಸರ್ಜ್ ಕಗಾನ್ಸ್ಕಿ ಎಂಬ ವಿಮರ್ಶಕ ‘ಲಿಬೆರಾಸ್ಯೋಂ’ ಪತ್ರಿಕೆಯಲ್ಲಿ ಇದನ್ನು ಕಟುವಾಗಿ ಖಂಡಿಸಿದನು. ಇಲ್ಲಿಯ ಪ್ಯಾರಿಸ್ ತೊಳೆದಿಟ್ಟ ಪ್ಯಾರಿಸ್. ನಗರದಲ್ಲಿ ನಿಜವಾಗಿ ಬಾಳುತ್ತಿರುವ ವಲಸೆಗಾರರ ಮುಖಗಳು ಇಲ್ಲಿಲ್ಲ ಎಂಬುದು ಅವನ ಆಪಾದನೆಯ ಸಾರ. ಜ್ಯೂನೆ ಬೀದಿಗಳ ಗೋಡೆಬರಹಗಳನ್ನು ಅಳಿಸಿದ್ದು ನಿಜ. ತರಕಾರಿ ಅಂಗಡಿಯ ಲೂಸಿಯೆನ್ನನ ಪಾತ್ರವನ್ನು ಮಾಡಿದ ಜಮೆಲ್ ದೆಬೂಜ್ ಮೊರಾಕೊ ಮೂಲದವನೆಂದು ಚಿತ್ರದ ಪಕ್ಷದವರು ಸಮಾಧಾನ ಹೇಳಿದರು. ಆದರೆ ಆ ಪಾತ್ರದ ಹೆಸರು ಲೂಸಿಯೆನ್ ಎಂಬುದನ್ನು ಮರೆಯುವಂತಿಲ್ಲ. ನಮಗೆ ತೋರುವುದೇನೆಂದರೆ, ಕಗಾನ್ಸ್ಕಿ ಚಿತ್ರವನ್ನು ನೋಡಿದಷ್ಟು ಗಮನವಿಟ್ಟು ಕೇಳಲಿಲ್ಲ. ಕೇಳಿದ್ದರೆ ಓವೆರ್ನ್ಯದ ಕಲ್ಲಿದ್ದಲಿನವನೂ, ಏಟು ತಿಂದ ಇಟಲಿಯವನೂ, ಮನೂಶನೂ, ಬ್ರಿಟನಿಯವಳ ಮಗಳೂ ಅಲ್ಲಿ ಸಿಗುತ್ತಿದ್ದರು. ಈ ಪ್ಯಾರಿಸಿನ ಕಣ್ಣೀರಿನಲ್ಲಿ ಹೊರಗಿನವರ ಪಾಲೇ ದೊಡ್ಡದು.

ಆದರೆ ಇದರಿಂದ ಚಿತ್ರ ದೋಷಮುಕ್ತವಾಯಿತೆಂದು ನಾವು ವಾದಿಸುವುದಿಲ್ಲ. ಮೋಮಾರ್ತ್ರ ಗುಡ್ಡದ ಪೂರ್ವದ ಬುಡದಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ, ಗೂತ್ ದೋರ್ ಎಂಬ ಕೇರಿಯಿದೆ. ಉತ್ತರ ಆಫ್ರಿಕದವರು ಬಹುಕಾಲದಿಂದ ನೆಲೆಸಿದ ಕೇರಿ. 1997ರಲ್ಲಿ ಅಲ್ಲಿಯ ಅಂಗಡಿಗಳಲ್ಲಿ ಅಲ್ಜೀರಿಯದ ‘ರಾಯ್’ ಹಾಡು ಮೊಳಗುತ್ತಿದ್ದ ಕಾಲ. ಅದರ ಒಂದು ಎಳೆಯೂ ಈ ಸಂಗೀತದಲ್ಲಿಲ್ಲ. 1890ರ ದಶಕದ ಇಟಲಿಯವನ ಪೆಟ್ಟಿಗೆ ಎಂಥದಾಗಿತ್ತೋ 1990ರ ದಶಕದಲ್ಲಿ ರಾಯ್ ಅಂಥದಾಗಿತ್ತು: ಕೇಳಿಸುತ್ತಿತ್ತು, ಆದರೆ ನಗರದ ದನಿಯೆಂದು ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಿಂದಿನವರ ಹಳಹಳಿಕೆ ನಮ್ಮನ್ನು ತಲುಪಲು ಎರಡು ತಲೆಮಾರು ಬೇಕಾದವು.

2002ರಲ್ಲಿ ಈ ಸಂಗೀತಕ್ಕೆ ಫ್ರಾನ್ಸಿನ ಸೆಸಾರ್ ಪ್ರಶಸ್ತಿ ದೊರೆಯಿತು. ಮರುವರ್ಷದ ‘ಗುಡ್ ಬೈ ಲೆನಿನ್’ ಎಂಬ ಜರ್ಮನ್ ಚಿತ್ರಕ್ಕೂ ಟಿಯರ್ಸೆನ್ನನೇ ಸಂಗೀತ ಕೊಟ್ಟನು. ಇಲ್ಲವಾದ ಪೂರ್ವ ಜರ್ಮನಿಯನ್ನು ಮಗನೊಬ್ಬ ತಾಯಿಗಾಗಿ ಒಂದು ಮನೆಯೊಳಗೆ ಉಳಿಸಿಕೊಳ್ಳುವ ಕಥೆಯದು. ಇವನನ್ನೇ ಅವರು ಹುಡುಕಿದ್ದರಲ್ಲಿ ಆಶ್ಚರ್ಯವಿಲ್ಲ. ‘ಅಮೆಲಿ’ಯ ಮುದ್ರಿಕೆಯಲ್ಲಿ ಮೊದಲು ಬರುವ ತುಣುಕು 1996ರದು. ಅದು ಅಕಾರ್ಡಿಯನ್ನಿನದೇ, ಹೆಸರಿನ ಅರ್ಥ ‘ನಾನು ಅಲ್ಲಿಗೆ ಹೋದವನೇ ಅಲ್ಲ’. ಇಪ್ಪತ್ತು ವರ್ಷಗಳ ತರುವಾಯ, 2016ರಲ್ಲಿ, ಅವನು ಬ್ರಿಟನಿಯ ತೀರದಾಚೆಗಿನ ಊಶಾಂ ದ್ವೀಪದ ಹೆಸರಿನಲ್ಲಿ ಒಂದು ಮುದ್ರಿಕೆಯನ್ನು ಹೊರತಂದನು. ಆಗ ಅವನ ಮನೆ ಅಲ್ಲಿಯೇ ಇತ್ತು. ಅದರಲ್ಲಿರುವುದು ಪಿಯಾನೋ. ಒಂದೊಂದು ರಚನೆಗೂ ದ್ವೀಪದ ಒಂದೊಂದು ಜಾಗದ ಹೆಸರಿದೆ. ನಡುನಡುವೆ ಅಲ್ಲಿಯೇ ಹಿಡಿದಿಟ್ಟುಕೊಂಡ ಸದ್ದುಗಳು ಕೇಳಿಸುತ್ತವೆ.