ಹಂಪೆಯ ಹಳೆಯ ಛಾಯಾಚಿತ್ರಗಳು

ಹಂಪೆಯ ವಿಠ್ಠಲದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ಕಣ್ಣಾರೆ ಕಾಣದವರೂ ಅದರ ಚಿತ್ರವನ್ನು ಕಂಡೇ ಇರುವರು. ೨೦೧೭ರಿಂದ ಅದು ಐವತ್ತು ರೂಪಾಯಿಯ ನೋಟಿನ ಮೇಲೆ ಏರಿ ಮನೆಮನೆಗೂ ಬರುತ್ತಲಿದೆ. ಅದೇ ಅದರ ಪೂರ್ಣರೂಪವೆಂದು ನಂಬಿದವರಿಗೆ ೧೮೫೬ರ ಒಂದು ಛಾಯಾಚಿತ್ರವು ಆಶ್ಚರ್ಯವನ್ನುಂಟುಮಾಡುವುದು. ಅದರಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಆ ಶಿಖರವನ್ನು ಬಳಿಕ ತೆಗೆದುಹಾಕಿದರು. ಈಗ ಅದು ಉಳಿದಿರುವುದು ಕಾಗದದ ಮೇಲೆ ಮಾತ್ರ.

ಚಿತ್ರವನ್ನು ತೆಗೆದವನು ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಗ್ಸಾಂಡರ್ ಗ್ರೀನ್‌ಲಾ. ಆ ಕಾಲದಲ್ಲಿ ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸವರಿ, ಅದು ಹಸಿಯಾಗಿರುವಾಗಲೇ ಚಿತ್ರವನ್ನು ಹಿಡಿದು ತೊಳೆಯುವ ಕ್ರಮವು ಬಳಕೆಗೆ ಬರುತ್ತಲಿದ್ದಿತು. ಬಳ್ಳಾರಿಯ ಸೀಮೆಯ ಬಿಸಿಲಿನಲ್ಲಿ ಅದು ಸುಲಭಸಾಧ್ಯವಲ್ಲ. ಗ್ರೀನ್‌ಲಾ ಅನುಸರಿಸಿದುದು ಫ್ರಾನ್ಸಿನ ಗುಸ್ತಾವ್ ಲ ಗ್ರೇ ೧೮೫೧ರಲ್ಲಿ ಪ್ರಕಟಿಸಿದ ಮೇಣಕಾಗದದ ಕ್ರಮವನ್ನು. ಕಾಗದಕ್ಕೆ ಮೊದಲೇ ಮೇಣವನ್ನೂಡಿ, ಬೆಳ್ಳಿಯ ಲವಣವನ್ನು ಹಿಡಿಸಿ, ಒಣಗಿಸಿಟ್ಟುಕೊಂಡರೆ ಕೆಲವು ದಿನಗಳವರೆಗೆ ಕೆಡದು. ಆದರೆ ಅದನ್ನು ಬೆಳಕಿಗೆ ಹಲವು ನಿಮಿಷಗಳ ಕಾಲ ಒಡ್ಡಬೇಕಾಗುವುದರಿಂದ ನಡೆದಾಡುವ ಮನುಷ್ಯನಾಗಲಿ ದನವಾಗಲಿ ಅದರಲ್ಲಿ ಗುರುತುಳಿಸುವುದಿಲ್ಲ. ಈ ಚಿತ್ರಗಳನ್ನು ಕಂಡು, ಹಂಪೆಯಲ್ಲಿ ಆಗ ನರಪಿಳ್ಳೆಯೂ ಇರಲಿಲ್ಲವೆಂದು ಮರುಗುವುದು ಅವಸರದ ಮಾತಾದೀತು.

ಅರುವತ್ತರಷ್ಟು ಸಂಖ್ಯೆಯ ಈ ನೆಗೆಟಿವುಗಳು, ಎಂದರೆ ಬೆಳಕು ಕಪ್ಪಾಗಿಯೂ ನೆರಳು ಬೆಳ್ಳಗಾಗಿಯೂ ಕಾಣುವ ಮೂಲಪಟಗಳು, ಬಹುಕಾಲ ವಿದ್ವಾಂಸರ ಕಣ್ಣಿಗೆ ಬೀಳದೆ ಇದ್ದುವು. ೧೯೮೩ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತೆಡೆಗಳಲ್ಲಿಯೇ ನಿಂತು ಮತ್ತೆ ಚಿತ್ರಗಳನ್ನು ತೆಗೆದನು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾವ ಕಂಬ ಬಿದ್ದಿತು, ಯಾವ ಗಾರೆ ಉದುರಿತು ಎಂಬುದು ಬರವಣಿಗೆಯ ಸಹಾಯವಿಲ್ಲದೆಯೇ ತಿಳಿಯುವುದು. ಮೂಲಪಟಗಳು ಇಬ್ರಾಹಿಂ ಆಲ್ಕಾಜಿಯವರ ಸಂಗ್ರಹವನ್ನು ಸೇರಿದುವು.

ಇಂಥ ಚಿತ್ರಗಳ ಪ್ರತಿಗಳನ್ನು ಕೊಂಡು ಗೋಡೆಗೆ ತೂಗಹಾಕುವ ಅಭಿರುಚಿ ಈಗ ಹರಡಿದೆ, ಸಂತೋಷವೇ. ಆದರೆ ಪ್ರತಿ ಎಂಬ ಒಂದೇ ಹೆಸರಿನಲ್ಲಿ ಹಲವು ವಸ್ತುಗಳು ಮಾರಾಟವಾಗುತ್ತವೆ. ಚಿತ್ರಕಾರನ ಕಾಲದಲ್ಲಿಯೇ ಮೂಲಪಟವನ್ನು ಕಾಗದಕ್ಕೆ ಒತ್ತಿ ಬಿಸಿಲಿಗಿಟ್ಟು ಪಡೆದುದು ಒಂದು. ಅದೇ ಮೂಲಪಟದಿಂದ ನೂರು ವರ್ಷಗಳ ತರುವಾಯ ಇಳಿಸಿದುದು ಇನ್ನೊಂದು. ಪುಸ್ತಕದ ಹಾಳೆಯಿಂದ ನಕಲೆತ್ತಿದುದು ಮತ್ತೊಂದು. ಕಲೆಗಳನ್ನೆಲ್ಲ ಒರಸಿ, ಆಕಾಶವನ್ನು ನುಣುಪುಗೊಳಿಸಿ ಕೊಡುವ ವ್ಯಾಪಾರಿಯನ್ನು ನಾನು ನಂಬಲಾರೆ; ಕಲೆಯೊಡನೆ ಕಲ್ಲಿನ ಬಿರುಕೂ ಮಾಯವಾಗಿರಬಹುದು. ಮೂಲದಲ್ಲಿಯೇ ಕೈವಾಡವಿರುವುದೂ ಉಂಟು. ೧೮೫೪ರಲ್ಲಿ ಹಳೇಬೀಡು ಬೇಲೂರುಗಳ ಚಿತ್ರಗಳನ್ನು ತೆಗೆದ ಲಿನೇಯಸ್ ಟ್ರೈಪ್, ಮುಂದೆ ತನ್ನ ನೆಗೆಟಿವುಗಳ ಮೇಲೆ ಕುಂಚದಿಂದಲೇ ಮೋಡಗಳನ್ನು ಬರೆದಿರುವನು!

ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿದೆ. ಪಿಗೊ, ನೀಲ್, ಬಿಗ್ಸ್ ಎಂಬವರು ತೆಗೆದ ಧಾರವಾಡ ಮೈಸೂರು ಸೀಮೆಗಳ ಶಿಲ್ಪದ ಚಿತ್ರಗಳು ೧೮೬೬ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದುವು. ಸುರಪುರದವರು ಮರೆಯದ ಮೆಡೋಸ್ ಟೇಲರನೂ, ಫರ್ಗುಸನ್ನನೂ ಅದಕ್ಕೆ ವಿವರಣೆಗಳನ್ನು ಬರೆದರು. ಹೀಗೆ ಚಿತ್ರಗಳನ್ನು ಅಂಟಿಸಿದ ಹಳೆಯ ಸಂಪುಟಗಳನ್ನು ಬಿಚ್ಚಿ ಹಾಳೆಹಾಳೆಯಾಗಿ ಮಾರುವ ವಾಡಿಕೆ ವ್ಯಾಪಾರದಲ್ಲಿದೆ. ಚಿತ್ರ ಒಂದು ಮನೆಗೆ, ವಿವರಣೆ ಕಸಕ್ಕೆ. ಶಿಖರವುಳ್ಳ ರಥದ ಪ್ರತಿಯನ್ನು ಕೊಳ್ಳುವವರು ಅದರ ಬೆನ್ನಿನ ಮೇಲೆ ಸ್ಥಳ, ೧೮೫೬, ಗ್ರೀನ್‌ಲಾ, ಈ ಪ್ರತಿ ಇಳಿದ ವರ್ಷ, ಇಷ್ಟನ್ನಾದರೂ ಮೆತ್ತನೆಯ ಪೆನ್ಸಿಲಿನಿಂದ ಬರೆದಿಡುವುದು ಲೇಸು. ಶಾಯಿಯಾದರೆ ಕಾಗದದ ಮುಂಬದಿಗೆ ಹಾಯುವುದು.