ಉದುರುವ ಕೂದಲು, ಉಳಿಸುವ ಔಷಧ

ಆಲ್ದೂರಿನ ಪೇಟೆಯ ಕ್ಷೌರದ ಅಂಗಡಿಯೊಂದರಲ್ಲಿ ಇಪ್ಪತ್ತನಾಲ್ಕು ವರ್ಷದ ತರುಣನೊಬ್ಬ ಕುಳಿತಿದ್ದಾನೆಂದು ಭಾವಿಸಿಕೊಳ್ಳಿ. ಕತ್ತರಿಯ ಕೆಲಸ ಮುಗಿದ ಮೇಲೆ ಕ್ಷೌರಿಕನು ವಾಡಿಕೆಯಂತೆ ಚಿಕ್ಕ ಕನ್ನಡಿಯೊಂದನ್ನು ತಲೆಯ ಹಿಂದೆ ಹಿಡಿಯುತ್ತಾನೆ. ತರುಣನಿಗೆ ತನ್ನ ನೆತ್ತಿ ಮೊದಲ ಬಾರಿಗೆ ಕಾಣುತ್ತದೆ. ಅಲ್ಲಿ ಕೂದಲಿಗಿಂತ ಚರ್ಮವೇ ಹೆಚ್ಚು. ಮುಂದಿನ ತಿಂಗಳು ಹೆಣ್ಣು ನೋಡಲು ಹೋಗಬೇಕು. ಮನೆಗೆ ಬಂದರೆ ಒಬ್ಬೊಬ್ಬರದು ಒಂದೊಂದು ಮಾತು. ಮಲೆನಾಡಿನ ಮಳೆಯಲ್ಲಿ ತಲೆ ನೆನೆಸಿದ್ದರ ಫಲವಿದು ಎನ್ನುತ್ತಾರೆ ಅಜ್ಜಿ. ದಾಸವಾಳದ ಎಲೆಯ ಗಂಪು ಹಚ್ಚಿದರೆ ಸರಿಹೋಗುತ್ತದೆ ಎನ್ನುತ್ತಾರೆ ತಾಯಿ. ತಂದೆಯವರು ಏನೂ ಹೇಳದೆ ತಮ್ಮ ಬಕ್ಕತಲೆಯನ್ನು ಸವರಿಕೊಳ್ಳುತ್ತಾರೆ. ಸ್ನೇಹಿತನೊಬ್ಬ ಮಾತ್ರ, "ಈಗ ಅದಕ್ಕೆ ಮಾತ್ರೆ ಉಂಟು, ಇಂದೇ ಶುರುಮಾಡು" ಎಂದು ಅವಸರಪಡಿಸುತ್ತಾನೆ.

ಶುರುಮಾಡಬೇಕೇ, ಬೇಡವೇ? ನಿಮ್ಮ ಮನೆಯಲ್ಲಿಯೇ ಈ ಪ್ರಶ್ನೆ ಎದ್ದರೆ ನೀವೇನು ಹೇಳುವಿರಿ? ಉತ್ತರಕ್ಕೆ ಮೊದಲು ಈ ಔಷಧಗಳು ಬಂದ ದಾರಿಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಬಕ್ಕತಲೆಯ ಚಿಂತೆ ಬಹಳ ಹಳೆಯದು. ಕ್ರಿ.ಪೂ. ೧೫೫೦ರ ಸುಮಾರಿನ ಈಜಿಪ್ಟಿನ ವೈದ್ಯಗ್ರಂಥವೊಂದು ಸಿಂಹ, ನೀರಾನೆ, ಮೊಸಳೆ, ಬೆಕ್ಕು, ಹಾವುಗಳ ಕೊಬ್ಬನ್ನು ಕಲಸಿ ತಲೆಗೆ ಹಚ್ಚಲು ಹೇಳುತ್ತದೆ. ರೋಮಿನ ಜೂಲಿಯಸ್ ಸೀಸರನು ಎಷ್ಟೋ ಯುದ್ಧಗಳನ್ನು ಗೆದ್ದವನು. ಆದರೂ ತನ್ನ ಬೋಳು ಹಣೆಯನ್ನು ಮುಚ್ಚಿಕೊಳ್ಳಲು ಜಯಮಾಲೆಯ ಎಲೆಗಳನ್ನು ಆಶ್ರಯಿಸಿದನೆಂದು ಚರಿತ್ರಕಾರರು ಬರೆದಿದ್ದಾರೆ. ನಮ್ಮ ಭರ್ತೃಹರಿಯ ನೀತಿಶತಕದಲ್ಲಿ ಬಿಸಿಲಿನಿಂದ ನೊಂದ ಬೋಳುತಲೆಯವನೊಬ್ಬ ಮರದ ನೆರಳಿಗೆ ಹೋಗುತ್ತಾನೆ. ಮೇಲಿನಿಂದ ದೊಡ್ಡ ಹಣ್ಣೊಂದು ಬಿದ್ದು ಅವನ ತಲೆಯೇ ಒಡೆಯುತ್ತದೆ. ದೈವದ ಆಟಕ್ಕೆ ದೃಷ್ಟಾಂತ ಬೇಕಾದಾಗ ಕವಿಗೆ ಸಿಕ್ಕಿದವನೂ ಪಾಪ, ಬೋಳುತಲೆಯವನೇ!

ನಮ್ಮ ವೈದ್ಯರು ನಕ್ಕು ಬಿಟ್ಟುಬಿಡಲಿಲ್ಲ. ವಾತದೊಡನೆ ಕೂಡಿದ ಪಿತ್ತವು ಕೂದಲಿನ ಬುಡವನ್ನು ಸೇರಿ ಅದನ್ನು ಉದುರಿಸುತ್ತದೆ. ಬಳಿಕ ರಕ್ತದೊಡನೆ ಕೂಡಿದ ಕಫವು ಆ ಬುಡವನ್ನು ಮುಚ್ಚಿಬಿಡುವುದರಿಂದ ಹೊಸ ಕೂದಲು ಹುಟ್ಟುವುದಿಲ್ಲ ಎಂದು ಸುಶ್ರುತಸಂಹಿತೆ ವಿವರಿಸುತ್ತದೆ. ಇದಕ್ಕೆ ಇಂದ್ರಲುಪ್ತ, ಖಾಲಿತ್ಯ ಎಂಬ ಹೆಸರುಗಳು. ವಿವರಣೆಯ ಭಾಷೆ ಏನೇ ಇರಲಿ, ಬುಡವೇ ಮುಚ್ಚಿದ ಮೇಲೆ ಕಷ್ಟ ಎಂಬ ಮಾತನ್ನು ನೆನಪಿನಲ್ಲಿಡಿ. ಮುಂದೆ ಅದು ಬೇಕಾಗುತ್ತದೆ.

ಇನ್ನು ಎಣ್ಣೆಗಳ ವಿಚಾರ. ಗರುಗದ ಸೊಪ್ಪಿನ ಎಣ್ಣೆ ನಮ್ಮ ಮನೆಗಳಿಗೆ ಹೊಸದಲ್ಲ. ಇತ್ತೀಚಿನ ವರ್ಷಗಳಲ್ಲಿ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ, ನಮಗೆ ನೆರೆಯ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ ಮೊದಲಾದ ಕಡೆಯ ಹಕ್ಕಿಪಿಕ್ಕಿ ಜನ ಗಿಡಮೂಲಿಕೆಯ ಕೇಶತೈಲಕ್ಕೆ ಹೆಸರಾಗಿದ್ದಾರೆ. ಬೇಟೆಯನ್ನು ಕಾನೂನು ನಿಲ್ಲಿಸಿದ ಮೇಲೆ ಅವರು ಬೆಳೆಸಿಕೊಂಡ ಜೀವನೋಪಾಯಗಳಲ್ಲಿ ಇದೂ ಒಂದು. ೨೦೨೩ರಲ್ಲಿ ಸೂಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದಿದ್ದ ಕನ್ನಡಿಗರಲ್ಲಿ ಮೂಲಿಕೆಯ ಔಷಧ ಮಾರಲು ಹೋಗಿದ್ದ ಹಕ್ಕಿಪಿಕ್ಕಿಗಳೂ ಇದ್ದರು. ಎಣ್ಣೆ ಕೂದಲಿಗೆ ನುಣುಪು ಕೊಡುತ್ತದೆ, ತುಂಡಾಗುವುದನ್ನು ತಗ್ಗಿಸುತ್ತದೆ. ತಲೆ ತೀಡಿಸಿಕೊಳ್ಳುವ ಸುಖವಂತೂ ಇದ್ದೇ ಇದೆ. ಆದರೆ ವಂಶದಿಂದ ಬಂದ ಬಕ್ಕತಲೆಯನ್ನು ಎಣ್ಣೆ ತಡೆಯುವುದೆಂದು ಪರೀಕ್ಷೆಯಿಂದ ಸಿದ್ಧವಾಗಿಲ್ಲ. ಬಕ್ಕತಲೆಯನ್ನು ವಾಸಿಮಾಡುತ್ತೇವೆಂದು ಯಾವ ಔಷಧವೂ ಹೇಳಿಕೊಳ್ಳಕೂಡದೆಂದು ನಮ್ಮ ಔಷಧ ನಿಯಮಗಳ 'ಜೆ' ಅನುಸೂಚಿ ಸಾರುತ್ತದೆ. ಆ ಪಟ್ಟಿಯಲ್ಲಿ ಕುರುಡುತನ, ಕ್ಯಾನ್ಸರುಗಳ ಜೊತೆಗೆ ಬಕ್ಕತಲೆಯೂ ಇದೆ!

ನಿಜವಾದ ಕಾರಣದ ಸುಳಿವು ಸಿಕ್ಕಿದ್ದು ೧೯೪೨ರಲ್ಲಿ. ಹರೆಯಕ್ಕೆ ಮೊದಲೇ ವೃಷಣಗಳನ್ನು ಕಳೆದುಕೊಂಡ ಪುರುಷರ ತಲೆ ಬೋಳಾಗುವುದಿಲ್ಲವೆಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ತೋರಿಸಿದರು. ಅಂಥವರಿಗೆ ಪುರುಷ ಹಾರ್ಮೋನನ್ನು ಕೊಟ್ಟಾಗ, ವಂಶದಲ್ಲಿ ಬಕ್ಕತಲೆಯಿದ್ದವರ ಕೂದಲು ಉದುರತೊಡಗಿತು. ಕೊಡುವುದನ್ನು ನಿಲ್ಲಿಸಿದಾಗ ಉದುರುವುದು ಮುಂದುವರಿಯಲಿಲ್ಲ. ತಪ್ಪು ಮಳೆಯದೂ ಅಲ್ಲ, ನೀರಿನದೂ ಅಲ್ಲ. ವಂಶ ಮತ್ತು ಹಾರ್ಮೋನು, ಇವೆರಡೂ ಕೂಡಿದ್ದರ ಫಲ.

ಔಷಧಗಳು ಮಾತ್ರ ಹುಡುಕದೆಯೇ ಸಿಕ್ಕಿದವು. ರಕ್ತದ ಒತ್ತಡ ತಗ್ಗಿಸಲು ೧೯೭೯ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಮಿನಾಕ್ಸಿಡಿಲ್ ಎಂಬ ಮಾತ್ರೆಯನ್ನು ನುಂಗಿದವರಿಗೆ ಬೇಡದ ಕಡೆಯಲ್ಲೆಲ್ಲ ಕೂದಲು ಬೆಳೆಯಿತು. ಅದನ್ನೇ ದ್ರವವಾಗಿಸಿ ತಲೆಗೆ ಹಚ್ಚಲು ೧೯೮೮ರಲ್ಲಿ ಅಲ್ಲಿನ ಸರಕಾರ ಅನುಮತಿ ಕೊಟ್ಟಿತು.

ಎರಡನೆಯದರ ಕಥೆ ಇನ್ನೂ ವಿಚಿತ್ರ. ಡೊಮಿನಿಕನ್ ಗಣರಾಜ್ಯದ ಹಳ್ಳಿಯೊಂದರಲ್ಲಿ ಕೆಲವು ಗಂಡುಮಕ್ಕಳು ಹುಟ್ಟುವಾಗ ಹೆಣ್ಣುಮಕ್ಕಳಂತೆ ಕಂಡು, ಹರೆಯದಲ್ಲಿ ಗಂಡಸರಾಗುತ್ತಿದ್ದರು. ಪುರುಷ ಹಾರ್ಮೋನನ್ನು ಇನ್ನೂ ಪ್ರಬಲವಾದ ರೂಪಕ್ಕೆ ಮಾರ್ಪಡಿಸುವ ಕಿಣ್ವವೊಂದು ಅವರಲ್ಲಿ ಕೊರತೆಯಾಗಿದೆಯೆಂದು ೧೯೭೪ರಲ್ಲಿ ಗೊತ್ತಾಯಿತು. ಅವರ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಇರುತ್ತಿತ್ತು, ತಲೆ ಬೋಳಾಗುತ್ತಿರಲಿಲ್ಲ. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ೧೯೯೨ರಲ್ಲಿ ಮುದುಕರ ಪ್ರಾಸ್ಟೇಟ್ ತೊಂದರೆಗೂ, ೧೯೯೭ರಲ್ಲಿ ೧ ಮಿಲಿಗ್ರಾಮಿನ ಮಾತ್ರೆಯಾಗಿ ಗಂಡಸರ ಬಕ್ಕತಲೆಗೂ ಅಂಗೀಕೃತವಾಯಿತು. ಎರಡು ವರ್ಷದ ಪರೀಕ್ಷೆಯಲ್ಲಿ, ಮಾತ್ರೆ ತಿಂದ ನೂರು ಮಂದಿಯಲ್ಲಿ ೮೩ ಮಂದಿಗೆ ಇದ್ದ ಕೂದಲು ಉಳಿಯಿತು; ಔಷಧವಿಲ್ಲದ ಹುಸಿಮಾತ್ರೆ ತಿಂದವರಲ್ಲಿ ಹಾಗೆ ಉಳಿದದ್ದು ೨೮ ಮಂದಿಗೆ.

"ಉಳಿಯಿತು" ಎಂಬ ಮಾತನ್ನು ಗಮನಿಸಿ. ತೋಟದವರಿಗೆ ಇದು ಬೇಗ ಅರ್ಥವಾದೀತು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಕಾಫಿ ಗಿಡಕ್ಕೆ ಮಳೆ ಹಿಡಿಯುವ ಮೊದಲು ಹೊಡೆಯುತ್ತೇವೆ. ಎಲೆಯೆಲ್ಲ ಉದುರಿದ ಮೇಲಲ್ಲ. ಈ ವರ್ಷ ಹೊಡೆದೆವೆಂದು ಮುಂದಿನ ವರ್ಷ ಬಿಡುವಂತೆಯೂ ಇಲ್ಲ. ಕೂದಲಿನ ಔಷಧವೂ ಹಾಗೆಯೇ. ಇರುವುದನ್ನು ಕಾಯುವುದೇ ಅದರ ಮುಖ್ಯ ಕೆಲಸ. ಹೋದದ್ದರಲ್ಲಿ ಸ್ವಲ್ಪ ಮರಳೀತು, ಸುಶ್ರುತನು ಹೇಳಿದ ಮುಚ್ಚಿದ ಬುಡ ಮಾತ್ರ ತೆರೆಯದು. ಗುಣ ಕಾಣಲು ಆರು ತಿಂಗಳಾದರೂ ಬೇಕು. ಮಿನಾಕ್ಸಿಡಿಲ್ ಹಚ್ಚಿದವರಿಗೆ ಮೊದಲ ವಾರಗಳಲ್ಲಿ ಇನ್ನಷ್ಟು ಉದುರುವುದೂ ಉಂಟು. ಮುಂದಿನ ತಿಂಗಳ ಹೆಣ್ಣು ನೋಡುವ ಶಾಸ್ತ್ರಕ್ಕಂತೂ ಯಾವುದೂ ಒದಗುವುದಿಲ್ಲ. ಔಷಧ ಬಿಟ್ಟರೆ ಉಳಿಸಿಕೊಂಡದ್ದು ಸುಮಾರು ಒಂದು ವರ್ಷದೊಳಗೆ ಹೋಗುತ್ತದೆ. ಆದ್ದರಿಂದ ತರುಣನು ಕೇಳಿಕೊಳ್ಳಬೇಕಾದದ್ದು "ಇದರಿಂದ ವಾಸಿಯಾದೀತೇ?" ಎಂದಲ್ಲ, "ಇದನ್ನು ವರ್ಷಗಟ್ಟಲೆ ನಡೆಸಿಕೊಂಡು ಹೋಗಲು ನನಗೆ ಮನಸ್ಸಿದೆಯೇ?" ಎಂದು.

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಫಿನಾಸ್ಟರೈಡ್ ಪರೀಕ್ಷೆಗಳಲ್ಲಿ ಮಾತ್ರೆ ತಿಂದವರಲ್ಲಿ ನೂರಕ್ಕೆ ೩.೮ ಮಂದಿಗೆ ಕಾಮಾಸಕ್ತಿ, ಲೈಂಗಿಕ ಶಕ್ತಿಗಳಲ್ಲಿ ಕುಂದು ಕಂಡಿತು. ಹುಸಿಮಾತ್ರೆಯವರಲ್ಲಿ ಈ ಸಂಖ್ಯೆ ೨.೧. ಬಹುಮಂದಿಗೆ ಔಷಧ ಬಿಟ್ಟಮೇಲೆ ಅದು ಸರಿಹೋಯಿತು. ಬಿಟ್ಟ ಮೇಲೂ ತೊಂದರೆ ಉಳಿದ ವರದಿಗಳು ಬಂದುದರಿಂದ ೨೦೧೨ರಲ್ಲಿ ಅಮೆರಿಕದಲ್ಲಿ ಔಷಧದ ಪತ್ರದಲ್ಲಿಯೇ ಅದನ್ನು ಸೇರಿಸಲಾಯಿತು. ೨೦೨೫ರಲ್ಲಿ ಯೂರೋಪಿನ ಔಷಧ ಸಂಸ್ಥೆಯು ಆತ್ಮಹತ್ಯೆಯ ಆಲೋಚನೆಯನ್ನೂ ಇದರ ಅಡ್ಡಪರಿಣಾಮವೆಂದು ದೃಢಪಡಿಸಿತು. ಮನಸ್ಸು ಕುಗ್ಗುವ ಪ್ರಕೃತಿ ಇದ್ದವರು ಇದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮಾತ್ರೆ ತಿನ್ನುವಾಗ ಮನಸ್ಸು ಕುಗ್ಗಿದರೆ ಅದನ್ನು ನಿಲ್ಲಿಸಿ, ಕೂಡಲೇ ವೈದ್ಯರನ್ನು ಕಾಣಬೇಕು. ಮನೆಯಲ್ಲಿ ಬಸುರಿಯರಿದ್ದರೆ ಒಡೆದ ಮಾತ್ರೆಯನ್ನು ಅವರು ಮುಟ್ಟಬಾರದು. ಗರ್ಭದಲ್ಲಿ ಗಂಡುಮಗುವಿದ್ದರೆ ಅದಕ್ಕೆ ಅಪಾಯ. ಅಂಗಡಿಯಿಂದ ಸ್ನೇಹಿತನು ತಂದುಕೊಡುವ ಮಾತ್ರೆ ಇದಲ್ಲ.

ವೈದ್ಯರನ್ನು ಕಾಣಲು ಇನ್ನೊಂದು ಕಾರಣವುಂಟು. ಉದುರುವುದೆಲ್ಲ ವಂಶದ ಬಕ್ಕತಲೆಯಲ್ಲ. ದೊಡ್ಡ ಜ್ವರವೋ ಹೆರಿಗೆಯೋ ಆಗಿ ಎರಡು ಮೂರು ತಿಂಗಳ ಮೇಲೆ ಹಿಡಿಹಿಡಿಯಾಗಿ ಉದುರುವುದು ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ಗ್ರಂಥಿಯ ದೋಷಗಳಿಗೆ ಬೇರೆ ಚಿಕಿತ್ಸೆ. ಕಾಸಿನಗಲ ದುಂಡಗೆ ಉದುರುವುದು ಮತ್ತೊಂದು ಜಾತಿ. ಯಾವುದೆಂದು ತಿಳಿಯದೆ ಔಷಧ ಹಿಡಿಯುವುದು ವ್ಯರ್ಥ.

ಈಗ ಮರಳಿ ನಮ್ಮ ತರುಣನ ಬಳಿಗೆ ಬರೋಣ. ಅವನು ವೈದ್ಯರನ್ನು ಕಂಡು, ಎಲ್ಲವನ್ನೂ ತಿಳಿದು, ಔಷಧ ಹಿಡಿದರೆ ಅದು ಡೌಲೆಂದು ನಗಬೇಡಿ. ಕಾಯುವುದಾದರೆ ಉಳಿದಿರುವಾಗಲೇ ಕಾಯಬೇಕು. ಬೇಡವೆಂದರೆ ಅದು ಸೋಮಾರಿತನವೆಂದೂ ತಿಳಿಯಬೇಡಿ. ವಂಶದ ಬಕ್ಕತಲೆಯಿಂದ ಪ್ರಾಣಕ್ಕೆ ಅಪಾಯವಿಲ್ಲ, ಯಾವ ಕೆಲಸವೂ ನಿಲ್ಲುವುದಿಲ್ಲ. ಅವನ ತಂದೆ ಅದೇ ತಲೆಯನ್ನು ಹೊತ್ತುಕೊಂಡು ಮದುವೆಯಾದರು, ತೋಟ ನೋಡಿಕೊಂಡರು, ಮಗನನ್ನು ಓದಿಸಿದರು. ಆ ದಿನ ಸುಮ್ಮನೆ ತಲೆ ಸವರಿಕೊಂಡ ಆ ಹಿರಿಯರು ಇಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ ಮಗನಿಗೆ ಯೋಚಿಸಲು ಎಷ್ಟೋ ನೆಮ್ಮದಿಯಾಗುತ್ತಿತ್ತು. ನಿಮ್ಮ ಮನೆಯಲ್ಲಿ ಅಂಥ ಪ್ರಸಂಗ ಬಂದಾಗ ನೀವಾದರೂ ಹೇಳಿ.